ಕಾಳುಮೆಣಸಿನ ನೀರಲ್ಲಿ ಕಂಡ ಜೀವಿಗಳು

ಕಾಳುಮೆಣಸು ಯಾಕೆ ಖಾರ ಅಂತ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ಹೀಗೆ ಯೋಚನೆ ಮಾಡಿದ ಒಬ್ಬ ಬಟ್ಟೆ ವ್ಯಾಪಾರಿ, ಅಲ್ಲಿಯವರೆಗೆ ಯಾರೂ ಕಾಣದ ಜೀವಿಗಳನ್ನು ಕಂಡರು. ಅವರೇ ಆಂಟನಿ ವಾನ್ ಲೀವೆನ್‌ಹಾಕ್.

ಇವರು 1632ರಲ್ಲಿ ಹಾಲೆಂಡ್ ದೇಶದ ಡೆಲ್ಫ್ಟ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಬುಟ್ಟಿ ಹೆಣೆಯುವವರು. ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. 16ನೇ ವಯಸ್ಸಿಗೆ ಲೀವೆನ್‌ಹಾಕ್ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಕಾಲೇಜು ಮೆಟ್ಟಿಲು ಹತ್ತಲಿಲ್ಲ. ಆಗ ವಿದ್ವಾಂಸರೆಲ್ಲ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಇವರಿಗೆ ಬರುತ್ತಿದ್ದದ್ದು ಮಾತೃಭಾಷೆ ಡಚ್ ಒಂದೇ!

ಮುಂದೆ ಊರಿನಲ್ಲೇ ಸ್ವಂತ ಅಂಗಡಿ ಇಟ್ಟರು. ಬಿಡುವಿನಲ್ಲಿ ಗಾಜು ಉಜ್ಜಿ ಪುಟ್ಟ ಪುಟ್ಟ ಮಸೂರ ಮಾಡುವ ಹುಚ್ಚು ಹಿಡಿಯಿತು. ಎರಡು ಲೋಹದ ತಗಡುಗಳ ನಡುವೆ ಒಂದು ಮಸೂರ ಕೂರಿಸಿದರೆ ಅವರ ಸೂಕ್ಷ್ಮದರ್ಶಕ ಸಿದ್ಧ. ಅವುಗಳಲ್ಲಿ ಇಂದಿಗೂ ಉಳಿದಿರುವ ಒಂದು, ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ.

ಕಾಳುಮೆಣಸಿನಲ್ಲಿ ಸಣ್ಣ ಮುಳ್ಳುಗಳಿರಬೇಕು, ಅವು ಚುಚ್ಚುವುದರಿಂದಲೇ ನಾಲಿಗೆ ಉರಿಯುತ್ತದೆ ಎಂದು ಅವರು ಊಹಿಸಿದ್ದರು. ಮೆಣಸು ಮೆತ್ತಗಾಗಲೆಂದು ನೀರಲ್ಲಿ ನೆನೆಹಾಕಿದರು. ಸುಮಾರು ಮೂರು ವಾರ ಬಿಟ್ಟು, 1676ರ ಏಪ್ರಿಲ್‌ನಲ್ಲಿ ಆ ನೀರಿನ ಹನಿಯನ್ನು ನೋಡಿದರು. ಮುಳ್ಳು ಸಿಗಲಿಲ್ಲ. ಆದರೆ ಲೆಕ್ಕವಿಲ್ಲದಷ್ಟು ಜೀವಿಗಳು ಓಡಾಡುತ್ತಿದ್ದವು! ಅವುಗಳಲ್ಲಿ ತೀರಾ ಸಣ್ಣವನ್ನೇ ನಾವು ಈಗ ಬ್ಯಾಕ್ಟೀರಿಯಾ ಅನ್ನುವುದು.

ಲಂಡನ್ನಿನ ರಾಯಲ್ ಸೊಸೈಟಿಗೆ ಡಚ್‌ನಲ್ಲೇ ಪತ್ರ ಬರೆದು ತಿಳಿಸಿದರು. ಅಲ್ಲಿನವರು ಸುಲಭವಾಗಿ ನಂಬಲಿಲ್ಲ. ಲೀವೆನ್‌ಹಾಕ್ ಬೇಜಾರು ಮಾಡಿಕೊಂಡು ಸುಮ್ಮನೆ ಕೂತರಾ? ಇಲ್ಲ. ಎಂಟು ಜನ ಗಣ್ಯರಿಗೆ ಆ ನೀರನ್ನು ತೋರಿಸಿ, ಅವರ ಸಾಕ್ಷಿ ಪತ್ರಗಳನ್ನು ಕಳಿಸಿದರು. 1677ರಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ತಾವೇ ಮೆಣಸಿನ ನೀರು ಮಾಡಿ ನೋಡಿದಾಗ ಮಾತು ನಿಜವಾಯಿತು. 1680ರಲ್ಲಿ ಅದೇ ಸೊಸೈಟಿ ಇವರನ್ನು ಸದಸ್ಯರನ್ನಾಗಿ ಆರಿಸಿತು.

ಇನ್ನೊಂದು ತಮಾಷೆ ಕೇಳಿ. ಇವರು ದಿನಾ ಉಪ್ಪಿನಿಂದ ಹಲ್ಲು ಉಜ್ಜುತ್ತಿದ್ದರು. ಆದರೂ 1683ರಲ್ಲಿ ತಮ್ಮ ಹಲ್ಲಿನ ಸಂದಿಯ ಬಿಳಿ ಕೊಳೆ ತೆಗೆದು ನೋಡಿದರೆ, ಅಲ್ಲೂ ಜೀವಿಗಳು! ಹಲ್ಲೇ ಉಜ್ಜದ ಒಬ್ಬ ಮುದುಕನ ಬಾಯಲ್ಲಂತೂ ಗಿಜಿಗಿಜಿ ಅನ್ನುತ್ತಿದ್ದವು.

ಕೊನೆಯವರೆಗೂ ಅವರು ಪತ್ರ ಬರೆಯುತ್ತಲೇ ಇದ್ದರು. 1723ರಲ್ಲಿ, 90ನೇ ವಯಸ್ಸಿನಲ್ಲಿ ನಿಧನರಾದರು.

ನಮ್ಮದು ಹಳ್ಳಿ ಶಾಲೆ, ನಮಗೆ ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ಹಿಂಜರಿಯುವವರು ಲೀವೆನ್‌ಹಾಕ್‌ರನ್ನು ನೆನೆಸಿಕೊಳ್ಳಿ. ಅವರು ಗೊತ್ತಿದ್ದ ಭಾಷೆಯಲ್ಲೇ ಬರೆದರು, ಅನುಮಾನ ಪಟ್ಟವರಿಗೆ ಮಾಡಿ ತೋರಿಸಿದರು. ಹಾಂ, ನಾಳೆ ಬೆಳಿಗ್ಗೆ ಹಲ್ಲುಜ್ಜುವುದನ್ನು ಮರೆಯಬೇಡಿ!