ಎರೆಸೀಮೆಯ ಸುಣ್ಣವೂ ಬ್ರೂಸ್ ಫೂಟರೂ

ರೋಣ ನರಗುಂದಗಳ ಎರೆಹೊಲದಲ್ಲಿ ಬಾವಿ ತೋಡಿದವರಿಗೆ ಸುಣ್ಣದ ಹರಳು ಹೊಸದಲ್ಲ. ಕಪ್ಪು ಮಣ್ಣನ್ನು ಕೆಲವು ಮೊಳ ಅಗೆದೊಡನೆ, ಬೂದುಬಣ್ಣದ, ಶುಂಠಿಯ ಬೇರಿನಂತೆ ಗಂಟುಗಂಟಾದ ಹರಳುಗಳು ಗುದ್ದಲಿಗೆ ತಾಕುತ್ತವೆ. ಹಿಂದಿನವರು ಅವನ್ನು ಆಯ್ದು, ಭಟ್ಟಿಯಲ್ಲಿ ಸುಟ್ಟು, ಗೋಡೆಗೂ ಎಲೆಯಡಿಕೆಗೂ ಬೇಕಾದ ಸುಣ್ಣವನ್ನು ಮಾಡಿಕೊಳ್ಳುತ್ತಿದ್ದರು. ಈ ಸುಣ್ಣದ ಒಡಲಲ್ಲಿರುವ ಲೋಹವನ್ನು 1808ರಲ್ಲಿ ಹಂಫ್ರಿ ಡೇವಿ ಎಂಬ ಆಂಗ್ಲ ವಿಜ್ಞಾನಿಯು ವಿದ್ಯುತ್ತಿನ ಬಲದಿಂದ ಬೇರ್ಪಡಿಸಿ, ಲ್ಯಾಟಿನ್ ಭಾಷೆಯ ಸುಣ್ಣವಾಚಕ ಶಬ್ದದಿಂದಲೇ ಅದಕ್ಕೆ ಕ್ಯಾಲ್ಸಿಯಂ ಎಂದು ಹೆಸರಿಟ್ಟನು. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 1 ಕಿಲೋಗ್ರಾಮಿನಷ್ಟು ಕ್ಯಾಲ್ಸಿಯಂ ಉಂಟು. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿಯೇ ಇರುತ್ತದೆ. ಈ ಲೋಹವು ಕೆಲವೆಡೆ ಕೈಹಿಡಿದು ಕೆಲವೆಡೆ ಕೈಬಿಟ್ಟ ಒಬ್ಬ ಮನುಷ್ಯನ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರು ರಾಬರ್ಟ್ ಬ್ರೂಸ್ ಫೂಟ್. ಭಾರತದ ಪ್ರಾಗಿತಿಹಾಸವನ್ನು ಓದುವವರಿಗೆಲ್ಲ ಮೊದಲು ಎದುರಾಗುವ ಹೆಸರು ಅದು. ಆದರೆ ಅವರು ನಮ್ಮ ಸೀಮೆಯ ಕಲ್ಲುಮಣ್ಣುಗಳನ್ನೂ ಓದಿದವರೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿಯದು.

ಫೂಟರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದರು. 1858ರ ಕೊನೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತದ ಕೆಲಸಕ್ಕೆ ನಿಂತರು. ನರಗುಂದದವರಿಗೆ ಆ ವರ್ಷವನ್ನು ಬೇರೆ ನೆನಪು ಮಾಡಿಕೊಡಬೇಕಾಗಿಲ್ಲ. ಬಾಬಾಸಾಹೇಬ ಭಾವೆಯವರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಅದೇ ವರ್ಷದ ಜೂನ್ ತಿಂಗಳಲ್ಲಿ. ದೊರೆಯನ್ನು ನೇಣಿಗೆ ಹಾಕಿದ ಸರಕಾರವೇ ಈ ನೆಲದೊಳಗಿನ ಕಲ್ಲಿದ್ದಲು, ಕಬ್ಬಿಣ, ಚಿನ್ನಗಳ ಲೆಕ್ಕ ಬರೆಯಲು ಇಂಥ ತರುಣರನ್ನು ನೇಮಿಸಿತು. ಅದನ್ನು ಮರೆತು ಫೂಟರನ್ನು ಕೊಂಡಾಡುವುದು ನನಗೆ ಸರಿದೋರದು. ಆದರೆ ಸಂಬಳದ ಕೆಲಸದ ಅಂಚಿನಲ್ಲಿ, ತಮ್ಮ ಕುತೂಹಲವೊಂದನ್ನೇ ಬಂಡವಾಳವಾಗಿಟ್ಟುಕೊಂಡು ಅವರು ಮಾಡಿದ ಕಾರ್ಯವು ಆ ಸರಕಾರದ ಲೆಕ್ಕಕ್ಕೆ ಸೇರುವಂಥದಲ್ಲ.

ಫ್ರಾನ್ಸಿನ ನದೀದಂಡೆಗಳಲ್ಲಿ ದೊರೆತ ಒರಟು ಕಲ್ಲುಗಳು ಮನುಷ್ಯನೇ ಕಡೆದ ಆಯುಧಗಳೆಂದು ಯುರೋಪಿನ ಪಂಡಿತರು 1859ರಲ್ಲಿ ಒಪ್ಪಿಕೊಂಡಿದ್ದರು. ಆ ಸುದ್ದಿ ಫೂಟರ ಮನಸ್ಸಿನಲ್ಲಿ ನೆಟ್ಟಿತ್ತು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಅವರಿಗೆ ಒಂದು ಕೈಗೊಡಲಿ ಸಿಕ್ಕಿತು. ಅದೇ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಅಂಥ ಕಲ್ಲುಗಳ ರಾಶಿಯನ್ನೇ ಕಂಡರು. ಅತ್ತಿರಂಪಾಕ್ಕಂನ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಳೆಯವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆಯು ಹೇಳಿತು. ಫೂಟರಿಗೆ ಈ ಅಂಕಿ ಗೊತ್ತಿರಲಿಲ್ಲ. ಭಾರತದ ಮನುಷ್ಯನು ಪುರಾಣಗಳ ಲೆಕ್ಕಕ್ಕೂ ಬೈಬಲ್ಲಿನ ಲೆಕ್ಕಕ್ಕೂ ಸಿಗದಷ್ಟು ಹಳಬನೆಂಬುದು ಮಾತ್ರ ಗೊತ್ತಾಯಿತು. ಅಂದಿನಿಂದ ಆ ಕೊಡಲಿಗಳನ್ನು ಮಾಡಿದವನು ಎಲ್ಲಿ ಎಂಬ ಪ್ರಶ್ನೆ ಅವರ ಬೆನ್ನು ಬಿಡಲಿಲ್ಲ.

ಕಲ್ಲು ಉಳಿದು ಕೈ ಏಕೆ ಉಳಿಯಲಿಲ್ಲ? ಇಲ್ಲಿ ಕ್ಯಾಲ್ಸಿಯಂನ ಮಾತು ಬರುತ್ತದೆ. ಎಲುಬೆಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಮತ್ತು ರಂಜಕಗಳು ಕೂಡಿ ಆದ ಖನಿಜ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿ ಸೌಮ್ಯವಾದ ಆಮ್ಲವಾಗುತ್ತದೆ. ಜಂಬಿಟ್ಟಿಗೆಯಂತಹ ನೆಲದಲ್ಲಿ ಸುಣ್ಣವೆಲ್ಲ ಎಂದೋ ತೊಳೆದುಹೋಗಿರುವುದರಿಂದ, ಇಳಿಯುವ ನೀರು ಎಲುಬಿನ ಸುಣ್ಣಕ್ಕೇ ಕೈಹಾಕುತ್ತದೆ. ಕೆಲಕಾಲದಲ್ಲಿ ಎಲುಬು ಕರಗಿ ಹೆಸರಿಲ್ಲದಂತಾಗುತ್ತದೆ. ಮಲೆನಾಡಿನ ರೈತನು ಹುಳಿಯಾದ ತನ್ನ ಮಣ್ಣಿಗೆ ಸುಣ್ಣ ಎರಚುವುದು ಇದೇ ಕಾರಣದಿಂದ. ನಮ್ಮ ಎರೆಸೀಮೆಯಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಇಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಕಲ್ಲಿನಿಂದ ಕರಗಿದ ಸುಣ್ಣವನ್ನು ಸಮುದ್ರಕ್ಕೆ ಒಯ್ಯುವಷ್ಟು ನೀರಿಲ್ಲ. ಇಂಗಿದ ನೀರು ಆರಿಹೋಗುವಾಗ ಸುಣ್ಣವು ಮಣ್ಣಿನಲ್ಲಿಯೇ ಹರಳುಗಟ್ಟಿ ನಿಲ್ಲುತ್ತದೆ. ಇಂತಹ ನೆಲದಲ್ಲಿ ಹೂತ ಎಲುಬಿಗೆ ಸುತ್ತಣ ಸುಣ್ಣವೇ ಕಾವಲು. ಮಳೆಗಾಗಿ ಮುಗಿಲು ನೋಡುತ್ತ ಕೂಡುವುದು ನಮ್ಮ ರೈತನ ಪಾಡು. ಆ ಬಡತನವೇ ಸತ್ತವರ ಪಾಲಿಗೆ ಭಾಗ್ಯವಾಯಿತೆಂಬುದು ವಿಚಿತ್ರವಾದರೂ ನಿಜ.

ಫೂಟರು ಈ ಕಡೆಗೆ ಬಂದು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಬಯಲನ್ನು ಸುತ್ತಿ ಬರೆದ ಹೊತ್ತಗೆಯು 1876ರಲ್ಲಿ ಹೊರಬಿತ್ತು. ಅವರಿಗಿಂತ ಮೊದಲು ಕ್ರಿಸ್ಟಿ, ನ್ಯೂಬೋಲ್ಡ್ ಮೊದಲಾದವರು ಇಲ್ಲಿಯ ಶಿಲೆಗಳನ್ನು ನೋಡಿದ್ದುಂಟು. ಕ್ರಮವಾಗಿ ಅಳೆದು, ವರ್ಗೀಕರಿಸಿದ ಶ್ರೇಯಸ್ಸು ಇವರದು. ಅಪ್ಪಟ ಕನ್ನಡ ನೆಲವನ್ನು ಆ ಕಾಲದ ಸರಕಾರಿ ವಾಡಿಕೆಯಂತೆ ಅವರೂ ದಕ್ಷಿಣ ಮರಾಠಾ ಸೀಮೆಯೆಂದೇ ಕರೆದರು. ಓದುವಾಗ ಅದೊಂದು ಮುಳ್ಳು ಚುಚ್ಚುತ್ತದೆ. ಆದರೆ ಶಿಲಾಸಮೂಹಕ್ಕೆ ಹೆಸರಿಡುವಾಗ ಕಲಾದಗಿಯ ಹೆಸರನ್ನೇ ಇಟ್ಟರು. ಗಜೇಂದ್ರಗಡದ ಕೋಟೆಯನ್ನೂ ಕಾಲಕಾಲೇಶ್ವರನ ಗುಡಿಯನ್ನೂ ಹೊತ್ತ ಮರಳುಗಲ್ಲಿನ ಬೆಟ್ಟಗಳು ಬಾದಾಮಿಯ ಬೆಟ್ಟಗಳ ಬಳಗದವು. ಅವುಗಳಲ್ಲಿ ಮರಳೇ ಹೆಚ್ಚು, ಸುಣ್ಣ ಅಲ್ಪ. ಮಲಪ್ರಭೆಯಾಚೆ ಬಾಗಲಕೋಟೆಯ ಕಡೆಗೆ ಸುಣ್ಣಗಲ್ಲಿನ ಪದರಗಳು ಹಾಸಿವೆ. ಆದರೆ ಅವು ನೂರು ಕೋಟಿ ವರ್ಷಗಳಿಗೂ ಹಿಂದಿನವು. ಎಲುಬುಳ್ಳ ಪ್ರಾಣಿಯು ಭೂಮಿಯ ಮೇಲೆ ಇನ್ನೂ ಹುಟ್ಟದಿದ್ದ ಕಾಲದವು. ಅಷ್ಟೊಂದು ಸುಣ್ಣವಿದ್ದೂ ಕಾಯಲು ಅಲ್ಲಿ ಎಲುಬೇ ಇರಲಿಲ್ಲ!

ಮಲಪ್ರಭೆಯ ದಂಡೆಯ ಖ್ಯಾಡದಲ್ಲಿ ಫೂಟರಿಗೆ ಹಳೆಯ ಕಲ್ಲಿನ ಆಯುಧಗಳು ದೊರೆತವು. ಗೋಕಾಕದ ಸಮೀಪದ ಮೆಕ್ಕಲು ಮಣ್ಣಿನಲ್ಲಿ ಅದಕ್ಕಿಂತ ಅಚ್ಚರಿಯ ವಸ್ತು ದೊರೆಯಿತು: ಘೇಂಡಾಮೃಗದ ಎಲುಬು ಹಲ್ಲುಗಳು. 1874ರಲ್ಲಿ ಅವರು ಅದಕ್ಕೆ ದಖ್ಖನಿನ ಹೆಸರನ್ನೇ ಕೊಟ್ಟು ವರ್ಣನೆಯನ್ನು ಪ್ರಕಟಿಸಿದರು. ಇಂದು ಅಸ್ಸಾಮಿಗೆ ಹೋಗಿ ನೋಡಬೇಕಾದ ಪ್ರಾಣಿಯ ಜಾತಿಯದು ಒಂದು ಕಾಲಕ್ಕೆ ಘಟಪ್ರಭೆಯ ಕೆಸರಿನಲ್ಲಿ ಹೊರಳುತ್ತಿತ್ತು! ಜೋಳ ಕಡಲೆಗಳ ಈ ಬಯಲಿನಲ್ಲಿ ಅಂದು ಎಂಥ ಹುಲ್ಲು, ಎಂಥ ನೀರು ಇದ್ದಿರಬೇಕೆಂದು ಊಹಿಸುವುದೂ ಕಷ್ಟ. ಘೇಂಡಾಮೃಗದ ಹಲ್ಲು ಉಳಿಯಿತು, ಮನುಷ್ಯನದು ಸಿಗಲಿಲ್ಲ. ಅದೇ ವರ್ಷ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ವಿಷಯವಾಗಿಯೂ ಅವರು ಬರೆದರು. ಮುಂದೆ ಅಂಥ ಶಿಲೆಗಳಿಗೆಲ್ಲ ಧಾರವಾಡದ ಹೆಸರನ್ನಿಟ್ಟವರೂ ಅವರೇ. ಆ ಹೆಸರು ಇಂದಿಗೂ ಭೂವಿಜ್ಞಾನದಲ್ಲಿ ಚಲಾವಣೆಯಲ್ಲಿದೆ.

1884ರಲ್ಲಿ ಅವರ ಆಸೆ ಮತ್ತೆ ಚಿಗುರಿತು. ಪ್ರಸಿದ್ಧ ಜೀವವಿಜ್ಞಾನಿ ಹಕ್ಸ್ಲಿಯವರ ಸಲಹೆಯ ಮೇರೆಗೆ ಮದರಾಸಿನ ಗವರ್ನರರು ಕರ್ನೂಲಿನ ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು ಶೋಧಿಸಲು ಫೂಟರನ್ನು ಕಳುಹಿಸಿದರು. ಸುಣ್ಣಗಲ್ಲನ್ನು ನೀರು ಕೊರೆದು ಮಾಡಿದ ಗುಹೆಗಳು ಅವು; ಎಲುಬು ಉಳಿಯಲು ಅದಕ್ಕಿಂತ ಒಳ್ಳೆಯ ತಾಣ ಬೇರೆಯಿಲ್ಲ. ಯುರೋಪಿನಲ್ಲಿ ಆದಿಮಾನವನ ಅಸ್ಥಿಗಳು ಇಂಥ ಗುಹೆಗಳಲ್ಲಿಯೇ ದೊರೆತಿದ್ದವು. ಮುಂದೆ ಸೈನ್ಯದಲ್ಲಿದ್ದ ಮಗ ಹೆನ್ರಿಯೂ ಅಗೆತದ ಹೊಣೆ ಹೊತ್ತನು. ಪ್ರಾಣಿಗಳ ಮೂಳೆಗಳು ರಾಶಿರಾಶಿಯಾಗಿ ಹೊರಬಂದವು. ಅವುಗಳಲ್ಲಿ ಘೇಂಡಾಮೃಗದವೂ ಇದ್ದವು. ಕೊಡಲಿಯನ್ನು ಕಡೆದವನ ಅಸ್ಥಿಪಂಜರ ಮಾತ್ರ ಸಿಗಲಿಲ್ಲ. ತಂದೆಮಕ್ಕಳು ಗುಹೆಯಿಂದ ಹೊರಬಂದಾಗ ಏನು ಮಾತಾಡಿಕೊಂಡರೋ! ಫೂಟರ ವರದಿಗಳಲ್ಲಿ ಕಂಡದ್ದರ ಲೆಕ್ಕವುಂಟು, ಮನಸ್ಸಿನ ಲೆಕ್ಕವಿಲ್ಲ.

1891ರಲ್ಲಿ ನಿವೃತ್ತರಾದ ಮೇಲೆ ಬರೋಡೆಯ ಸಂಸ್ಥಾನದಲ್ಲಿಯೂ, 1894ರಲ್ಲಿ ಮೈಸೂರಿನ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅಲ್ಲಿಯೂ ಕೆಲಸ ಮಾಡಿದರು. ಬಳ್ಳಾರಿಯ ಕಡೆಯ ಬೂದಿಗುಡ್ಡಗಳು ದನಗಾಹಿಗಳು ಸಗಣಿಯನ್ನು ಸುಟ್ಟು ಆದವೆಂದು ಅವರು ಹೇಳಿದಾಗ ಒಪ್ಪದವರಿದ್ದರು. 20ನೆಯ ಶತಮಾನದ ನಡುವಿನ ಉತ್ಖನನಗಳು ಅವರ ಮಾತನ್ನೇ ಎತ್ತಿಹಿಡಿದವು. ಕೊನೆಗೆ ಸೇಲಂ ಬಳಿಯ ಏರ್ಕಾಡಿನ ಬೆಟ್ಟದ ಮೇಲೆ ಮನೆ ಮಾಡಿ, ನಾಲ್ಕು ದಶಕಗಳಲ್ಲಿ ಕೂಡಿಸಿದ ಕಲ್ಲು, ಮಡಕೆಚೂರುಗಳ ಪಟ್ಟಿಯನ್ನು ಬರೆಯುತ್ತ ಕುಳಿತರು. ಆ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವು 40,000 ರೂಪಾಯಿಗೆ ಕೊಂಡಿತು. ಪಟ್ಟಿಯು ಅಚ್ಚಾಗಿ ಬಂದದ್ದು 1914ರಲ್ಲಿ. ಅದನ್ನು ನೋಡಲು ಫೂಟರು ಇರಲಿಲ್ಲ. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ತೀರಿಕೊಂಡಿದ್ದರು. ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕಶಿಲೆಯಿದೆ.

1982ರ ಡಿಸೆಂಬರ್ 5ರಂದು, ಫೂಟರು ದುಡಿದ ಇಲಾಖೆಯವರೇ ಆದ ಅರುಣ್ ಸೋನಕಿಯಾ ಅವರಿಗೆ ಮಧ್ಯಪ್ರದೇಶದ ಹಥನೋರಾದಲ್ಲಿ, ನರ್ಮದೆಯ ದಂಡೆಯ ಜಲ್ಲಿಯಲ್ಲಿ ಆದಿಮಾನವನ ತಲೆಬುರುಡೆಯ ಮೇಲ್ಭಾಗವು ಸಿಕ್ಕಿತು. ಸುಣ್ಣವು ಬೆಸೆದು ಗಟ್ಟಿಗೊಳಿಸಿದ ಜಲ್ಲಿ ಅದು. ಅದೇ ಪದರದಲ್ಲಿ ಕೈಗೊಡಲಿಗಳೂ ಇದ್ದವು.