ಮಾಣಿಕನಗರದ ಪ್ರಭುಗಳು

ಮಂತ್ರವಾದಿ ಎಂದೊಡನೆ ನಮ್ಮ ಜಿಲ್ಲೆಯ ಶಾಲಾಮಕ್ಕಳಿಗೆ ಮೊದಲು ನೆನಪಾಗುವ ಹೆಸರು ಕಡಮಟ್ಟತ್ತು ಕತ್ತನಾರರದು. ಕೊಟ್ಟಾರತ್ತಿಲ್ ಶಂಕುಣ್ಣಿಯವರು ಐತಿಹ್ಯಮಾಲೆಯಲ್ಲಿ ಬರೆದಿಟ್ಟ ಆ ಪಾದ್ರಿಯ ಕಥೆ ನಾಟಕವಾಗಿ, ಟಿ.ವಿ. ಧಾರಾವಾಹಿಯಾಗಿ ಮನೆಮನೆಗೂ ಬಂದಿದೆ. ಅದನ್ನು ಓದಿ ಬಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ದಿನ ಎದ್ದು ನಿಂತು, ಕನ್ನಡದವರಲ್ಲಿ ಅಂಥವರು ಯಾರೂ ಆಗಿಹೋಗಲಿಲ್ಲವೇ ಎಂದು ಕೇಳಿದ. ಕೇಳಿದ ಧಾಟಿಯಲ್ಲಿ ಕುತೂಹಲಕ್ಕಿಂತ ಬೇಸರವೇ ಹೆಚ್ಚಾಗಿತ್ತು. ಎಲ್ಲವೂ ಅವರಲ್ಲೇ ಇದೆ, ನಮ್ಮಲ್ಲಿ ಏನೂ ಇಲ್ಲ ಎನ್ನುವ ಬೇಸರ. ನಾವು ಹುಮನಾಬಾದಿನ ಮಾಣಿಕ ಪ್ರಭುಗಳ ಹೆಸರು ಹೇಳಿದೆವು. ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಉಳಿದುಹೋದ ಮಾತನ್ನು ಇಲ್ಲಿ ಬರೆಯುತ್ತಿದ್ದೇವೆ.

ಪ್ರಭುಗಳ ಪರಿಚಯ ನಮಗಾದದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯ ನಿಮಿತ್ತ ಜಹೀರಾಬಾದಿಗೆ ಹೋಗಿದ್ದೆವು. ಹೈದರಾಬಾದಿನಿಂದ ಪಶ್ಚಿಮಕ್ಕೆ ಸೋಲಾಪುರದ ಹೆದ್ದಾರಿಯಲ್ಲಿ ಸಿಗುವ, ಕಬ್ಬು ಬೆಳೆಯುವ ಊರು ಅದು. ಅಂಗಡಿಯ ಫಲಕಗಳೆಲ್ಲ ತೆಲುಗು, ಪೇಟೆಯ ಮಾತು ಉರ್ದು, ಆದರೆ ನಾವು ಇಳಿದುಕೊಂಡ ಮನೆಯ ಅಡುಗೆಮನೆಯಲ್ಲಿ ಮಾತ್ರ ಕನ್ನಡ. 1956ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಹುಮನಾಬಾದ್, ಭಾಲ್ಕಿಗಳು ಮೈಸೂರಿಗೆ ಬಂದವು. ಈ ಮೂರು ಊರುಗಳು ಆಂಧ್ರಕ್ಕೆ ಹೋದವು. 2014ರಿಂದ ಅವು ತೆಲಂಗಾಣದಲ್ಲಿವೆ. ಅದೇ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕಿಗೆ ಏನಾಯಿತೆಂಬುದನ್ನು ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಆ ಮನೆಯ ಹಿರಿಯ ಅಜ್ಜಿಗೆ ನಾವು ಯಾವ ಕಡೆಯವರೆಂದು ತಿಳಿಸಲು ಆ ದಿನಾಂಕವೊಂದೇ ಸಾಕಾಯಿತು.

ಆ ಮನೆಯ ದೇವರ ಗೂಡಿನಲ್ಲಿ ಗಾದಿಯ ಮೇಲೆ ಕುಳಿತ ಪುರುಷರೊಬ್ಬರ ಚಿತ್ರವಿತ್ತು. ಮಾಣಿಕ ಪ್ರಭು ಎಂದರು. ಜಹೀರಾಬಾದಿನಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಒಂದು ಗಂಟೆಗೆ ಚೂರು ಹೆಚ್ಚು ಹಿಡಿಯುತ್ತದೆ. ಅಲ್ಲಿಂದ ಕೂಗಳತೆಯಲ್ಲಿ ಮಾಣಿಕನಗರ. ನಡುವೆ ರಾಜ್ಯದ ಗಡಿಯ ನಾಕೆ. ಪ್ರಭುಗಳ ಕಾಲದಲ್ಲಿ ಆ ಗಡಿ ಇರಲಿಲ್ಲ. ಅದೆಲ್ಲವೂ ನಿಜಾಮರ ಸೀಮೆ.

ಅವರು ಹುಟ್ಟಿದ್ದು 1817ರ ಡಿಸೆಂಬರ್ 22ರಂದು, ಮಾರ್ಗಶಿರ ಹುಣ್ಣಿಮೆ, ದತ್ತ ಜಯಂತಿಯ ದಿನ. ಊರು ಬಸವಕಲ್ಯಾಣದ ಬಳಿಯ ಲಾಡವಂತಿ. ತಂದೆ ಮನೋಹರ ನಾಯಕ, ತಾಯಿ ಬಯಾದೇವಿ. ಹಿಂದಿನ ದಿನವಷ್ಟೇ ದೂರದ ಮಾಳವದ ಮಹಿದಪುರದಲ್ಲಿ ಹೋಳ್ಕರರ ಸೈನ್ಯ ಇಂಗ್ಲಿಷರಿಗೆ ಸೋತಿತ್ತು. ಮುಂದಿನ ವರ್ಷದೊಳಗೆ ಪೇಶ್ವೆಯ ಆಳ್ವಿಕೆಯೂ ಮುಗಿಯಿತು. ಹಳೆಯ ದೊರೆಗಳು ಹೋಗಿ ಹೊಸಬರು ಇನ್ನೂ ಪೂರ್ತಿ ಬಾರದ, ಅರಬರ ಮತ್ತು ರೋಹಿಲರ ಕೂಲಿ ಸೈನಿಕರ ಹಾವಳಿಯ ಕಾಲವದು. ಅಂಥ ಕಾಲದಲ್ಲಿ ಜನರು ಪವಾಡಪುರುಷರನ್ನು ಹುಡುಕುವುದು ಸಹಜವೆಂದು ನಮಗೆ ತೋರುತ್ತದೆ. ಬೇರೆ ಯಾರನ್ನು ಹುಡುಕಿಯಾರು?

ಕಲ್ಯಾಣವೆಂದರೆ ಸಾಮಾನ್ಯ ಊರಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅಲ್ಲಮಪ್ರಭುಗಳೂ ನಡೆದಾಡಿದ ನೆಲ. ಅದರ ಮೇಲೆ ಬಹಮನಿಗಳ ಕಾಲದಿಂದ ಸೂಫಿ ಸಂತರ ದರ್ಗಾಗಳು ಬಂದವು. ಗುಲಬರ್ಗೆಯ ಬಂದೇನವಾಜರ ದರ್ಗಾಕ್ಕೆ ಇಂದಿಗೂ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಇನ್ನೊಂದು ದಿಕ್ಕಿನಲ್ಲಿ ಭೀಮಾತೀರದ ಗಾಣಗಾಪುರದಲ್ಲಿ ನರಸಿಂಹ ಸರಸ್ವತಿಗಳು ನೆಲೆಗೊಳಿಸಿದ ದತ್ತ ಪರಂಪರೆ. ಲಿಂಗಾಯತರು, ಫಕೀರರು, ದತ್ತಭಕ್ತರು ಒಂದೇ ಬಾವಿಯ ನೀರು ಸೇದುತ್ತಿದ್ದ ಊರಿನಲ್ಲಿ ಮಾಣಿಕ ಎಂಬ ಹುಡುಗ ಬೆಳೆದ.

ಬಾಲ್ಯದಲ್ಲೇ ತಂದೆ ತೀರಿಕೊಂಡರು. ಸೋದರಮಾವನ ಆಸರೆ. ಓದಿನಲ್ಲಿ ಹುಡುಗನಿಗೆ ಮನಸ್ಸು ನಿಲ್ಲಲಿಲ್ಲ, ಆಟದಲ್ಲಿ ನಿಂತಿತು. ಕವಡೆಯಾಟವೆಂದರೆ ಪ್ರಾಣ. ಮಕ್ಕಳಿಲ್ಲದ ಒಬ್ಬ ಹೆಂಗಸಿನಿಂದ ಆಟಕ್ಕೆ ಕವಡೆ ಕೇಳಿ ಪಡೆದು, ಮಗುವಾಗುತ್ತದೆಂದು ಹೇಳಿದ, ಹೇಳಿದಂತೆ ಆಯಿತು ಎಂಬುದು ಭಕ್ತರು ಹೇಳುವ ಮೊದಲ ಪವಾಡ. ಮಾವ ಸುಂಕದ ಕೆಲಸಕ್ಕೆ ಸೇರಿಸಿದರು. ಬಂದದ್ದನ್ನು ಎಣಿಸಿ ಪೆಟ್ಟಿಗೆಗೆ ಹಾಕುವ ಕೆಲಸಕ್ಕೂ ಈ ಹುಡುಗನ ಸ್ವಭಾವಕ್ಕೂ ಹೊಂದಿಕೆಯಾಗಲಿಲ್ಲವೆಂದು ಊಹಿಸಬಹುದು. ಅವರು ಮನೆ ಬಿಟ್ಟು ಹೊರಟರು. ಮಂಠಾಳದ ಕಡೆಯ ಕಾಡಿನಲ್ಲಿ ಕೆಲಕಾಲ ತಪಸ್ಸು. ಆಮೇಲೆ ಊರೂರು ಸಂಚಾರ. ಹೋದಲ್ಲೆಲ್ಲ ಜನ ಸೇರಿದರು.

ಪವಾಡಗಳ ಪಟ್ಟಿ ದೊಡ್ಡದು. ಇದ್ದ ಸ್ವಲ್ಪ ಅನ್ನದಲ್ಲಿ ನೂರಾರು ಜನರಿಗೆ ಬಡಿಸಿದ್ದು, ರೋಗ ವಾಸಿಮಾಡಿದ್ದು, ಎದುರಿಗಿದ್ದವರ ಮನಸ್ಸಿನ ಮಾತು ಹೇಳಿದ್ದು, ಹೀಗೆ. ಶಾಲೆಯಲ್ಲಿ ವಿಜ್ಞಾನದ ಪಾಠವನ್ನೂ ಮಾಡಬೇಕಾಗುವ ನಾವು ಇವನ್ನೆಲ್ಲ ನಡೆದ ಸಂಗತಿಗಳೆಂದು ಮಕ್ಕಳಿಗೆ ಹೇಳಲಾರೆವು. ಆದರೂ ಒಂದು ವಿಷಯ ನಮ್ಮ ಗಮನ ಸೆಳೆಯಿತು. ಕತ್ತನಾರರ ಕಥೆಗಳಲ್ಲಿ ಯಕ್ಷಿಯನ್ನು ಕಟ್ಟುವುದಿದೆ, ಎದುರಾಳಿ ಮಂತ್ರವಾದಿಯನ್ನು ಸೋಲಿಸುವುದಿದೆ. ಪ್ರಭುಗಳ ಕಥೆಗಳಲ್ಲಿ ಸೋಲಿಸುವುದು ಬಲು ಕಡಿಮೆ. ಯಾರಿಗೋ ಏನನ್ನೋ ಕೊಟ್ಟದ್ದೇ ಹೆಚ್ಚು.

ಅದೇ ಹೊತ್ತಿಗೆ ಜಗತ್ತಿನ ಬೇರೆಡೆಗಳಲ್ಲೂ ಇಂಥ ಸಂಗತಿಗಳ ಗದ್ದಲವಿತ್ತು. ಪ್ಯಾರಿಸ್ಸಿನಲ್ಲಿ ಎಲಿಫಾಸ್ ಲೆವಿ ಎಂಬಾತ 1850ರ ದಶಕದಲ್ಲಿ ಮಂತ್ರವಿದ್ಯೆಯ ದೊಡ್ಡ ಗ್ರಂಥ ಬರೆದ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ 1848ರಲ್ಲಿ ಫಾಕ್ಸ್ ಎಂಬ ಮನೆತನದ ಇಬ್ಬರು ಹುಡುಗಿಯರು, ತಾವು ಪ್ರಶ್ನೆ ಕೇಳಿದರೆ ಪ್ರೇತ ಟಕ್ ಟಕ್ ಎಂದು ಉತ್ತರ ಕೊಡುತ್ತದೆಂದರು. ಜನ ಹಣ ಕೊಟ್ಟು ಸಭಾಂಗಣಗಳಲ್ಲಿ ಕುಳಿತು ಆ ಸದ್ದು ಕೇಳಿದರು. ನಲವತ್ತು ವರ್ಷಗಳ ಮೇಲೆ, 1888ರಲ್ಲಿ, ಅವರಲ್ಲೊಬ್ಬಳಾದ ಮಾರ್ಗರೆಟ್ ಅದು ತಮ್ಮ ಕಾಲ್ಬೆರಳ ಕೀಲುಗಳಿಂದ ಹೊರಡಿಸುತ್ತಿದ್ದ ಸದ್ದೆಂದು ಸಭೆಯಲ್ಲೇ ಒಪ್ಪಿಕೊಂಡಳು. ಮುಂದಿನ ವರ್ಷ ಆ ಮಾತನ್ನು ಹಿಂತೆಗೆದುಕೊಂಡಳು. ಪಾಪ, ಬಡತನದಲ್ಲೇ ಸತ್ತಳು. ಅಲ್ಲಿ ಪವಾಡಕ್ಕೆ ಟಿಕೇಟು ಇತ್ತು. ಹುಮನಾಬಾದಿನ ಬಳಿ ನಡೆದದ್ದು ಬೇರೆ ಬಗೆ.

ಪ್ರಭುಗಳು 1845ರಲ್ಲಿ, ತಮ್ಮ ಇಪ್ಪತ್ತೆಂಟನೆಯ ವಯಸ್ಸಿಗೆ, ಗುರುಗಂಗಾ ಮತ್ತು ವಿರಜಾ ಎಂಬ ಎರಡು ಹೊಳೆಗಳು ಕೂಡುವಲ್ಲಿ ನೆಲೆ ನಿಂತರು. ಅದೇ ಮಾಣಿಕನಗರವಾಯಿತು. ತಾಯಿಯೂ ಸಹೋದರರೂ ಅಲ್ಲಿಗೆ ಬಂದರು. ಪ್ರಭುಗಳು ಮದುವೆಯಾಗಲಿಲ್ಲ. ಆದರೆ ವೈರಾಗಿಯ ಗುಡಿಸಲೂ ಅಲ್ಲ ಅದು. ಅರಮನೆಯ ದರ್ಬಾರಿನಂಥ ದರ್ಬಾರು! ಗಾದಿ, ಲೋಡು, ಎದುರಿಗೆ ವೇದ ಬಲ್ಲ ಬ್ರಾಹ್ಮಣರು, ಹಾಡುಗಾರರು, ಜಂಗಮರು, ಫಕೀರರು. ಹೊರಗಿನಿಂದ ನೋಡಿದವರಿಗೆ ಇದು ಭೋಗವೆಂದು ತೋರಿರಲೂ ಸಾಕು. ಆದರೆ ಕಾಣಿಕೆಯಾಗಿ ಬಂದದ್ದು ಅಲ್ಲಿ ಉಳಿಯುತ್ತಿರಲಿಲ್ಲ. ಬಂದ ಹಾಗೆಯೇ ಹಂಚಿಹೋಗುತ್ತಿತ್ತು. ನಿಜಾಮರು ಜಹಗೀರು ಕೊಡಲು ಬಂದಾಗ ಪ್ರಭುಗಳು ಬೇಡವೆಂದರು ಎಂದು ಸಂಪ್ರದಾಯದವರು ಹೇಳುತ್ತಾರೆ.

ಅವರ ಮತಕ್ಕೆ ಸಕಲಮತ ಸಂಪ್ರದಾಯ ಎಂದು ಹೆಸರು. ತಳಹದಿ ಶಂಕರಾಚಾರ್ಯರ ಅದ್ವೈತ. ಯಾವ ಮತವನ್ನೂ ಅಲ್ಲಗಳೆಯದೆ, ಎಲ್ಲ ಮತಗಳೂ ಒಂದೇ ವಸ್ತುವನ್ನು ಹೇಳುತ್ತವೆಂದು ತಿಳಿಯುವುದು ಅದರ ಸಾರ. ಹೀಗೆ ಹೇಳುವುದು ಸುಲಭ, ಭಾಷಣಗಳಲ್ಲಿ ನಾವೂ ಹೇಳುತ್ತೇವೆ. ಪ್ರಭುಗಳ ಬಳಿಗೆ ಬಂದ ಜನರು ಅದನ್ನು ಹೇಗೆ ತೆಗೆದುಕೊಂಡರೆಂಬುದು ಮುಖ್ಯ. ದತ್ತಭಕ್ತರು ಅವರನ್ನು ದತ್ತಾವತಾರವೆಂದರು. ವೀರಶೈವರು ಬಸವಣ್ಣನವರೇ ಮರಳಿ ಬಂದರೆಂದರು. ಮುಸಲ್ಮಾನರು ಮೆಹಬೂಬ್ ಸುಬಹಾನಿ ಎಂದರು. ಅದು ಬಾಗದಾದಿನ ಮಹಾಸಂತ ಅಬ್ದುಲ್ ಖಾದರ್ ಜೀಲಾನಿಯವರ ಬಿರುದು. ಯಾರೂ ತಮ್ಮದನ್ನು ಬಿಟ್ಟು ಬರಬೇಕಾಗಲಿಲ್ಲ. ಅಕ್ಕಲಕೋಟೆಯ ಸ್ವಾಮಿಗಳೂ ಶಿರಡಿಯ ಬಾಬಾ ಅವರೂ ಇಲ್ಲಿಗೆ ಬಂದುಹೋದರೆಂಬ ನಂಬಿಕೆಯೂ ಇದೆ.

ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಪದಗಳು. ನಿಜಾಮರ ಸರಕಾರದ ಕಾಗದಪತ್ರಗಳೆಲ್ಲ ಆಗ ಪಾರಸಿಯಲ್ಲಿದ್ದವು. ಉರ್ದು ಆ ಸ್ಥಾನಕ್ಕೆ ಬಂದದ್ದು ಪ್ರಭುಗಳ ತರುವಾಯ, 1884ರ ಸುಮಾರಿಗೆ. ಕಲ್ಯಾಣದ ಕಡೆ ಓದುಬರಹ ಬಲ್ಲವರ ಭಾಷೆ ಹೆಚ್ಚಾಗಿ ಮರಾಠಿ. ಪ್ರಭುಗಳೂ ಮರಾಠಿಯಲ್ಲಿ ಧಾರಾಳವಾಗಿ ಹಾಡಿದ್ದಾರೆ. ಸಂಸ್ಕೃತದಲ್ಲೂ ಹಿಂದಿ, ಉರ್ದುಗಳಲ್ಲೂ ಹಾಡಿದ್ದಾರೆ. ಇವುಗಳ ಜೊತೆ ಕನ್ನಡದಲ್ಲೂ ಹಾಡಿದರು. ಕನ್ನಡಕ್ಕೆ ಆಗ ಆ ಸೀಮೆಯಲ್ಲಿ ಕಚೇರಿಯೂ ಇಲ್ಲ, ದೊರೆಯೂ ಇಲ್ಲ. ಹೊಲದಲ್ಲಿ, ಒಲೆಯ ಮುಂದೆ ಆಡುವ ಮಾತು ಅದು. ಹಾಗೆ ಆಡುವವರಿಗೆ ಅವರ ಮಾತಿನಲ್ಲೇ ಒಂದು ಹಾಡು ಸಿಕ್ಕಿತು. ಅನ್ನ ಹೆಚ್ಚಿದ ಪವಾಡವನ್ನು ನಂಬದವರೂ ಇದನ್ನು ನಂಬಬೇಕಾಗುತ್ತದೆ, ಏಕೆಂದರೆ ಹಾಡುಗಳು ಇಂದಿಗೂ ಇವೆ.

1865ರ ದತ್ತ ಜಯಂತಿಗೆ ಮಾಣಿಕನಗರದಲ್ಲಿ ಎಂದಿನಂತೆ ಜನಸಾಗರ. ಹಬ್ಬದ ದರ್ಬಾರಿನ ಸಿದ್ಧತೆ ನಡೆದಿತ್ತು. ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇರುವಾಗ, ಮಾರ್ಗಶಿರ ಶುದ್ಧ ಏಕಾದಶಿ, ನವೆಂಬರ್ 29ರಂದು, ಪ್ರಭುಗಳು ಮೊದಲೇ ಕಟ್ಟಿಸಿದ್ದ ನೆಲಮನೆಯೊಳಗೆ ಇಳಿದು ಸಮಾಧಿಸ್ಥರಾದರು. ಹತ್ತಿರದ ಕೆಲವರಿಗಷ್ಟೇ ಅದು ಗೊತ್ತಿತ್ತು, ಬಂದವರ ಹಬ್ಬ ಕೆಡಬಾರದೆಂದು ಸುದ್ದಿಯನ್ನು ಅದು ಮುಗಿಯುವವರೆಗೆ ಮುಚ್ಚಿಟ್ಟರು ಎಂದು ಅಲ್ಲಿಯವರು ಹೇಳುತ್ತಾರೆ. ಜನ ಉಂಡರು, ಹಾಡು ಕೇಳಿದರು. ಆಗ ಅವರಿಗೆ ನಲವತ್ತೆಂಟು ವರ್ಷವೂ ತುಂಬಿರಲಿಲ್ಲ. ನಮ್ಮ ವಯಸ್ಸೇ, ಹೆಚ್ಚುಕಡಿಮೆ.

ಗಾದಿಗೆ ತಮ್ಮನ ಮಗ ಮನೋಹರ ಬಂದ, ಇನ್ನೂ ಎಳೆಯ ಹುಡುಗ. ಅವನ ತರುವಾಯ ಬಂದ ಮಾರ್ತಾಂಡ ಮಾಣಿಕ ಪ್ರಭುಗಳು 1936ರವರೆಗೆ ಬಾಳಿ, ವೇದಾಂತದ ಗ್ರಂಥಗಳನ್ನೂ ಪದಗಳನ್ನೂ ಬರೆದರು. ಅದೇ ಮನೆತನದಲ್ಲಿ ಪೀಠ ಇಂದಿಗೂ ನಡೆದಿದೆ. ವೇದಪಾಠಶಾಲೆ, ಅಂಧ ಮಕ್ಕಳ ಶಾಲೆ, ವಸತಿಶಾಲೆಗಳಿವೆ. ದತ್ತ ಜಯಂತಿಗೆ ದರ್ಬಾರು ಈಗಲೂ ಸೇರುತ್ತದೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳ ಬಸ್ಸುಗಳು ಒಟ್ಟಿಗೆ ಬಂದು ನಿಲ್ಲುತ್ತವೆ.

ಮದುವೆ ಮುಗಿದ ಮರುದಿನ ಸಂಜೆ ಜಹೀರಾಬಾದಿನ ಆ ಅಜ್ಜಿ ದೀಪ ಹಚ್ಚಿ ಪ್ರಭುಗಳ ಒಂದು ಕನ್ನಡ ಪದ ಹಾಡಿದರು. ನಮ್ಮ ಕಡೆಯ ಕನ್ನಡದಂತಲ್ಲ, ಕಲಬುರ್ಗಿ ಬೀದರಗಳ ಉಚ್ಚಾರ. ಎರಡು ಮೂರು ಮಾತುಗಳು ನಮಗೆ ತಿಳಿಯಲಿಲ್ಲ. ಬರೆದುಕೊಳ್ಳೋಣವೆಂದು ಕೇಳಿದಾಗ ಅವರು ಮೊಮ್ಮಗನನ್ನು ಕರೆದು ಪುಸ್ತಕ ತರಲು ಹೇಳಿದರು. ಹುಡುಗ ಶಾಲೆಯ ಇನ್ನೂರು ಪುಟದ ನೋಟುಪುಸ್ತಕವನ್ನು ತಂದುಕೊಟ್ಟ. ಅಜ್ಜಿಯ ಹಳೆಯ ಪುಸ್ತಕವನ್ನು ಹುಳು ತಿಂದದ್ದರಿಂದ ಅವರು ಹೇಳುತ್ತಾ ಹೋದದ್ದನ್ನು ಅವನೇ ಬರೆದಿಟ್ಟಿದ್ದನಂತೆ. ತೆರೆದು ನೋಡಿದರೆ ಅಕ್ಷರಗಳೆಲ್ಲ ತೆಲುಗು. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅವನ ಶಾಲೆಯಲ್ಲಿ ಕನ್ನಡವಿಲ್ಲ. ತೆಲುಗು ಲಿಪಿ ನಮ್ಮದಕ್ಕೆ ಹತ್ತಿರದ್ದಾದ್ದರಿಂದ ತಡವರಿಸಿಕೊಂಡು ಓದಬಹುದಾಗಿತ್ತು. ಹುಡುಗ ನಮ್ಮ ಪಕ್ಕದಲ್ಲಿ ಕುಳಿತ. ಅವನು ತೆಲುಗಿನಿಂದ ಓದಿ ಹೇಳಿದ, ನಾವು ಕನ್ನಡ ಅಕ್ಷರದಲ್ಲಿ ಬರೆದೆವು, ಅಜ್ಜಿ ತಪ್ಪು ತಿದ್ದಿದರು. ಮೂರನೆಯ ಪದಕ್ಕೆ ಬರುವ ಹೊತ್ತಿಗೆ ಅವನು ನಮ್ಮ ಹಾಳೆಯ ಕಡೆಗೇ ನೋಡುತ್ತಾ, ಯಾವ ಅಕ್ಷರಕ್ಕೆ ತಲೆಕಟ್ಟು ಬೇರೆ ಎಂದು ಬೆರಳಿಟ್ಟು ಕೇಳತೊಡಗಿದ. ರಾತ್ರಿ ಹನ್ನೊಂದರ ಹೊತ್ತಿಗೆ ಒಂಬತ್ತು ಪದಗಳಾದವು. ನಕಲನ್ನು ಅವನಿಗೇ ಕೊಟ್ಟು ಬಂದೆವು. ಮೂಲ ನಮ್ಮ ಮೇಜಿನ ಖಾನೆಯಲ್ಲಿದೆ. ಪ್ರಶ್ನೆ ಕೇಳಿದ ಒಂಬತ್ತನೆಯ ತರಗತಿಯ ಹುಡುಗನಿಗೆ ಅದನ್ನು ಸೋಮವಾರ ತೋರಿಸಬೇಕೆಂದಿದ್ದೇವೆ.