ಕಾರ್ತೇಜಿನ ಸಿಪ್ರಿಯನ್

ಕಾರ್ತೇಜಿನ ಸಿಪ್ರಿಯನ್ (ಸು. 200-210 – ಸೆಪ್ಟೆಂಬರ್ 14, 258) ಮೂರನೆಯ ಶತಮಾನದ ಕ್ರೈಸ್ತ ಧರ್ಮಾಧ್ಯಕ್ಷ, ಲ್ಯಾಟಿನ್ ಲೇಖಕ ಹಾಗೂ ಹುತಾತ್ಮ. ಈತನ ಪೂರ್ಣ ಹೆಸರು ಥಾಸ್ಕಿಯಸ್ ಕೆಸಿಲಿಯಸ್ ಸಿಪ್ರಿಯಾನಸ್. ರೋಮನ್ ಆಫ್ರಿಕದ ರಾಜಧಾನಿಯಾಗಿದ್ದ ಕಾರ್ತೇಜ್ (ಇಂದಿನ ಟ್ಯುನೀಸಿಯದಲ್ಲಿದೆ) ಈತನ ಕಾರ್ಯಕ್ಷೇತ್ರ. ದಮನಕ್ಕೆ ಹೆದರಿ ಧರ್ಮ ತೊರೆದವರನ್ನು ಮರಳಿ ಸೇರಿಸಿಕೊಳ್ಳಬೇಕೇ, ಧರ್ಮಸಭೆಯ ಹೊರಗೆ ನಡೆದ ದೀಕ್ಷಾಸ್ನಾನಕ್ಕೆ ಮಾನ್ಯತೆ ಉಂಟೇ ಎಂಬ ಎರಡು ವಿವಾದಗಳಲ್ಲಿ ಈತ ವಹಿಸಿದ ಪಾತ್ರ ಚಾರಿತ್ರಿಕವಾಗಿ ಮಹತ್ತ್ವದ್ದು.

ಆರಂಭಿಕ ಜೀವನ

ಸಿಪ್ರಿಯನ್ ಕ್ರೈಸ್ತೇತರ ಶ್ರೀಮಂತ ಮನೆತನಕ್ಕೆ ಸೇರಿದವ. ಕಾರ್ತೇಜಿನಲ್ಲಿ ಅಲಂಕಾರಶಾಸ್ತ್ರ ಹಾಗೂ ವಾಗ್ಮಿತೆಯ ಶಿಕ್ಷಕನಾಗಿ ಹೆಸರು ಗಳಿಸಿದ್ದ. ಸು. 246ರಲ್ಲಿ ಒಬ್ಬ ಹಿರಿಯ ಪಾದ್ರಿಯ ಪ್ರಭಾವದಿಂದ ಕ್ರೈಸ್ತಧರ್ಮವನ್ನು ಸ್ವೀಕರಿಸಿ, ತನ್ನ ಸಂಪತ್ತಿನ ಬಹುಭಾಗವನ್ನು ಬಡವರಿಗೆ ಹಂಚಿದ. ದೀಕ್ಷೆ ಪಡೆದ ಎರಡು ಮೂರು ವರ್ಷಗಳಲ್ಲೇ, ಸು. 248-249ರಲ್ಲಿ, ಜನರ ಒತ್ತಾಸೆಯಿಂದ ಕಾರ್ತೇಜಿನ ಧರ್ಮಾಧ್ಯಕ್ಷನಾಗಿ ಆಯ್ಕೆಯಾದ. ಹೊಸದಾಗಿ ಮತಕ್ಕೆ ಬಂದವನಿಗೆ ಇಂಥ ಪದವಿ ಸಂದದ್ದನ್ನು ಐವರು ಪಾದ್ರಿಗಳು ವಿರೋಧಿಸಿದರು. ಮುಂದಿನ ವಿವಾದಗಳಲ್ಲಿ ಈ ವಿರೋಧ ಮತ್ತೆ ಮತ್ತೆ ತಲೆಯೆತ್ತಿತು.

ಡೀಸಿಯಸನ ಆಜ್ಞೆ ಮತ್ತು ಪತಿತರ ಪ್ರಶ್ನೆ

249ರ ಕೊನೆಯ ಭಾಗದಲ್ಲಿ ರೋಮನ್ ಚಕ್ರವರ್ತಿ ಡೀಸಿಯಸ್, ಸಾಮ್ರಾಜ್ಯದ ಪ್ರಜೆಗಳು ದೇವತೆಗಳಿಗೆ ಬಲಿ ಅರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಕಾರ್ತೇಜಿನಲ್ಲಿ ಅನೇಕ ಕ್ರೈಸ್ತರು ಬಲಿ ಅರ್ಪಿಸಿದರು. ಕೆಲವರು ಬಲಿ ಅರ್ಪಿಸದೆ ಹಣ ಕೊಟ್ಟು ಪ್ರಮಾಣಪತ್ರ ಪಡೆದರು. ಒಪ್ಪದ ಕೆಲವರು ಸೆರೆಮನೆ ಸೇರಿದರು, ಕೆಲವರು ಪ್ರಾಣ ತೆತ್ತರು. ಸಿಪ್ರಿಯನ್ ನಗರ ಬಿಟ್ಟು ಅಜ್ಞಾತವಾಸಕ್ಕೆ ಹೋಗಿ, ಅಲ್ಲಿಂದಲೇ ಪತ್ರಗಳ ಮೂಲಕ ಧರ್ಮಸಭೆಯನ್ನು ನಡೆಸಿದ. ಕುರುಬನೇ ಹಿಂಡನ್ನು ಬಿಟ್ಟುಹೋದನೆಂಬ ಆಕ್ಷೇಪ ರೋಮಿನ ಪಾದ್ರಿವರ್ಗದಿಂದಲೂ ಪರೋಕ್ಷವಾಗಿ ಬಂದಿತು. ತನ್ನ ಸಾನ್ನಿಧ್ಯ ಗಲಭೆಯನ್ನು ಹೆಚ್ಚಿಸುತ್ತಿತ್ತೆಂಬುದು ಸಿಪ್ರಿಯನನ ಸಮರ್ಥನೆ.

ದಮನ ತಗ್ಗಿದಂತೆ ಧರ್ಮ ತೊರೆದ ‘ಪತಿತರು’ ಮರಳಿ ಬರಲು ಬಯಸಿದರು. ಹಿಂಸೆ ಸಹಿಸಿ ನಂಬಿಕೆ ಉಳಿಸಿಕೊಂಡಿದ್ದ ಸೆರೆಯಾಳುಗಳಿಗೆ ಜನರಲ್ಲಿ ಅಪಾರ ಗೌರವವಿತ್ತು. ಅವರು ಪತಿತರಿಗೆ ಕ್ಷಮಾಪತ್ರಗಳನ್ನು ಧಾರಾಳವಾಗಿ ಬರೆದುಕೊಟ್ಟರು. ಕೆಲವು ಪಾದ್ರಿಗಳು ಆ ಪತ್ರಗಳ ಬಲದ ಮೇಲೆ, ಪ್ರಾಯಶ್ಚಿತ್ತವಿಲ್ಲದೆಯೇ ಅವರಿಗೆ ಪರಮಪ್ರಸಾದ ನೀಡತೊಡಗಿದರು. ಕ್ಷಮಿಸುವ ಅಧಿಕಾರ ಯಾರದು ಎಂಬುದೇ ಇಲ್ಲಿಯ ಮೂಲಪ್ರಶ್ನೆಯಾಗಿತ್ತು. ಧರ್ಮಾಧ್ಯಕ್ಷರೆಲ್ಲರೂ ಸಭೆ ಸೇರಿ ನಿರ್ಧರಿಸುವವರೆಗೆ ಕಾಯಬೇಕೆಂದು ಸಿಪ್ರಿಯನ್ ಸೂಚಿಸಿದ. ಮರಣಶಯ್ಯೆಯಲ್ಲಿದ್ದವರಿಗೆ ಮಾತ್ರ ವಿನಾಯಿತಿ ಕೊಟ್ಟ. ಫೆಲಿಸಿಸ್ಸಿಮಸ್ ಎಂಬ ಡೀಕನನ ಮುಂದಾಳತ್ವದಲ್ಲಿ ವಿರೋಧಿ ಬಣವೊಂದು ರೂಪುಗೊಂಡಿತು.

251ರ ಕಾರ್ತೇಜ್ ಸಭೆ

251ರ ವಸಂತದಲ್ಲಿ ಕಾರ್ತೇಜಿಗೆ ಮರಳಿದ ಸಿಪ್ರಿಯನ್ ಆಫ್ರಿಕದ ಧರ್ಮಾಧ್ಯಕ್ಷರ ಸಭೆ ಕರೆದ. ಎಲ್ಲ ಪತಿತರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದೆಂಬ ಮಧ್ಯಮಮಾರ್ಗವನ್ನು ಸಭೆ ಹಿಡಿಯಿತು. ಪ್ರಮಾಣಪತ್ರ ಮಾತ್ರ ಪಡೆದಿದ್ದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದು. ಬಲಿ ಅರ್ಪಿಸಿದ್ದವರು ದೀರ್ಘಕಾಲ ಪ್ರಾಯಶ್ಚಿತ್ತ ಮಾಡಬೇಕು, ಮರಣಕಾಲದಲ್ಲಿ ಅವರಿಗೆ ಕ್ಷಮೆ ಸಿಗುತ್ತದೆ ಎಂದು ತೀರ್ಮಾನವಾಯಿತು. ಮತ್ತೊಂದು ದಮನದ ಭೀತಿ ಕವಿದಾಗ, ಪ್ರಾಯಶ್ಚಿತ್ತದಲ್ಲಿ ನಿರತರಾಗಿದ್ದವರೆಲ್ಲರನ್ನೂ ಮುಂದಿನ ಸಭೆಯೊಂದು ಸೇರಿಸಿಕೊಂಡಿತು.

ಇದೇ ವೇಳೆಗೆ ರೋಮಿನಲ್ಲಿ ಕಾರ್ನೇಲಿಯಸ್ ಮತ್ತು ನೊವೇಷಿಯನ್ ಎಂಬಿಬ್ಬರೂ ತಾವೇ ಧರ್ಮಾಧ್ಯಕ್ಷರೆಂದು ಸಾರಿದರು. ಪತಿತರನ್ನು ಎಂದಿಗೂ ಸೇರಿಸಿಕೊಳ್ಳಕೂಡದೆಂಬುದು ನೊವೇಷಿಯನನ ಕಠಿಣ ನಿಲುವು. ಸಿಪ್ರಿಯನ್ ವಿಚಾರಣೆ ನಡೆಸಿದ ಬಳಿಕ ಕಾರ್ನೇಲಿಯಸನನ್ನು ಮಾನ್ಯಮಾಡಿದ. ಧರ್ಮಸಭೆಯ ಏಕತೆ ಹಾಗೂ ಪತಿತರನ್ನು ಕುರಿತ ಈತನ ಎರಡು ಪ್ರಸಿದ್ಧ ಗ್ರಂಥಗಳು ಈ ಸಂದರ್ಭದವು. ಕೆಲಕಾಲಾನಂತರ ಕಾರ್ತೇಜಿನಲ್ಲೂ ಕಠಿಣವಾದಿಗಳು ಹಾಗೂ ಸಡಿಲವಾದಿಗಳು ತಮ್ಮತಮ್ಮ ಧರ್ಮಾಧ್ಯಕ್ಷರನ್ನು ನೇಮಿಸಿಕೊಂಡರು.

ಸಾಂಕ್ರಾಮಿಕ ಮತ್ತು ಸೇವಾಕಾರ್ಯ

250ರ ದಶಕದ ಆರಂಭದಲ್ಲಿ ಕಾರ್ತೇಜಿಗೆ ಭೀಕರ ಸಾಂಕ್ರಾಮಿಕವೊಂದು ಹಬ್ಬಿತು. ಅದನ್ನು ವರ್ಣಿಸಿದವನು ಸಿಪ್ರಿಯನ್ ಆದ್ದರಿಂದ ಇತಿಹಾಸದಲ್ಲಿ ಅದು ಸಿಪ್ರಿಯನನ ಪಿಡುಗು ಎಂದೇ ಹೆಸರಾಗಿದೆ. ಕ್ರೈಸ್ತರಲ್ಲದವರಿಗೂ ಶುಶ್ರೂಷೆ ನೀಡುವಂತೆ ಈತ ತನ್ನವರನ್ನು ಪ್ರೇರೇಪಿಸಿದ. ನುಮಿಡಿಯದಲ್ಲಿ ದಾಳಿಕೋರರು ಸೆರೆಹಿಡಿದಿದ್ದ ಕ್ರೈಸ್ತರ ಬಿಡುಗಡೆಗಾಗಿ 1,00,000 ಸೆಸ್ಟರ್ಸ್ ನಾಣ್ಯಗಳಷ್ಟು ಹಣ ಸಂಗ್ರಹಿಸಿ ಕಳುಹಿಸಿದ.

ದೀಕ್ಷಾಸ್ನಾನದ ವಿವಾದ

ಭಿನ್ನಮತೀಯರಿಂದ ದೀಕ್ಷಾಸ್ನಾನ ಪಡೆದವರು ಧರ್ಮಸಭೆಗೆ ಬಂದರೆ ಮತ್ತೆ ದೀಕ್ಷೆ ಕೊಡಬೇಕೇ ಎಂಬ ಪ್ರಶ್ನೆ ಸು. 255ರಲ್ಲಿ ಎದ್ದಿತು. ಧರ್ಮಸಭೆಯ ಹೊರಗೆ ಪವಿತ್ರಾತ್ಮನಿಲ್ಲ, ಆದ್ದರಿಂದ ಅಲ್ಲಿಯ ಸ್ನಾನ ದೀಕ್ಷೆಯೇ ಅಲ್ಲ ಎಂಬುದು ಸಿಪ್ರಿಯನನ ವಾದ. ಹಸ್ತನಿಕ್ಷೇಪವಷ್ಟೇ ಸಾಕು ಎಂಬುದು ರೋಮಿನ ವಾಡಿಕೆ. ಅಲ್ಲಿಯ ಧರ್ಮಾಧ್ಯಕ್ಷ ಸ್ಟೀಫನ್ ಅದನ್ನೇ ಎಲ್ಲರೂ ಪಾಲಿಸಬೇಕೆಂದು ಪಟ್ಟುಹಿಡಿದ. 256ರ ಸೆಪ್ಟೆಂಬರ್ 1ರಂದು ಕಾರ್ತೇಜಿನಲ್ಲಿ ಸೇರಿದ 87 ಧರ್ಮಾಧ್ಯಕ್ಷರು ಸಿಪ್ರಿಯನನ ಪರ ನಿಂತರು. ಏಷ್ಯಾ ಮೈನರಿನ ಕಪ್ಪಡೋಸಿಯದ ಫರ್ಮಿಲಿಯನ್ ಸಹ ಬೆಂಬಲಿಸಿ ಪತ್ರ ಬರೆದ. ಆದರೂ ಭಿನ್ನಾಭಿಪ್ರಾಯ ಉಳ್ಳ ಧರ್ಮಾಧ್ಯಕ್ಷರ ಮೇಲೆ ಒತ್ತಾಯ ಹೇರಬಾರದು, ಅವರೊಡನೆ ಸಂಬಂಧ ಕಡಿದುಕೊಳ್ಳಬಾರದು ಎಂಬುದು ಸಿಪ್ರಿಯನನ ನಿಲುವಾಗಿತ್ತು. 257ರಲ್ಲಿ ಸ್ಟೀಫನ್ ತೀರಿಕೊಂಡ ಬಳಿಕ ವಿವಾದದ ಕಾವು ಆರಿತು.

ಮರಣ

257ರಲ್ಲಿ ಚಕ್ರವರ್ತಿ ವಲೇರಿಯನ್ ಹೊಸದಾಗಿ ದಮನ ಆರಂಭಿಸಿದಾಗ ಸಿಪ್ರಿಯನನನ್ನು ಕುರುಬಿಸ್ ಎಂಬ ಊರಿಗೆ ಗಡೀಪಾರು ಮಾಡಲಾಯಿತು. ಮುಂದಿನ ವರ್ಷ ಕಾರ್ತೇಜಿಗೆ ಕರೆಸಿಕೊಂಡಾಗ, ಬಲಿ ಅರ್ಪಿಸಲು ಈತ ನಿರಾಕರಿಸಿದ. ಪ್ರಾಂತಾಧಿಕಾರಿ ಗಲೇರಿಯಸ್ ಮ್ಯಾಕ್ಸಿಮಸನ ಆದೇಶದಂತೆ 258ರ ಸೆಪ್ಟೆಂಬರ್ 14ರಂದು ಶಿರಚ್ಛೇದವಾಯಿತು. ವಧಕಾರನಿಗೆ 25 ಚಿನ್ನದ ನಾಣ್ಯ ಕೊಡುವಂತೆ ತನ್ನವರಿಗೆ ಈತ ಹೇಳಿದ್ದನೆಂದು ಸಮಕಾಲೀನ ವೃತ್ತಾಂತ ತಿಳಿಸುತ್ತದೆ. ಡೀಕನ್ ಪೋಂಟಿಯಸ್ ಈತನ ಜೀವನಚರಿತ್ರೆಯನ್ನು ಬರೆದಿದ್ದಾನೆ.

ಪ್ರಭಾವ

ದೀಕ್ಷೆಯ ವಿಷಯದಲ್ಲಿ ಪಶ್ಚಿಮದ ಧರ್ಮಸಭೆ ಕಡೆಗೆ ಸಿಪ್ರಿಯನನ ಮತವನ್ನು ಒಪ್ಪಲಿಲ್ಲ. ತ್ರಯೇಕ ದೇವರ ಹೆಸರಿನಲ್ಲಿ ದೀಕ್ಷೆ ಪಡೆದವರಿಗೆ ಮತ್ತೆ ದೀಕ್ಷೆ ಬೇಡವೆಂದು 314ರ ಆರ್ಲ್ ಸಭೆ ನಿರ್ಣಯಿಸಿತು. ನಾಲ್ಕನೆಯ ಶತಮಾನದಲ್ಲಿ ಆಫ್ರಿಕದ ಡೊನಾಟಿಸ್ಟರು ಪ್ರತ್ಯೇಕವಾದಾಗ ತಮ್ಮ ವಾದಕ್ಕೆ ಸಿಪ್ರಿಯನನನ್ನೇ ಆಧಾರವಾಗಿಸಿಕೊಂಡರು. ಅವರಿಗೆ ಉತ್ತರಿಸಿದ ಅಗಸ್ಟಿನ್, ಸಿಪ್ರಿಯನ್ ದೀಕ್ಷೆಯ ವಿಚಾರದಲ್ಲಿ ತಪ್ಪಿದ್ದರೂ ಐಕ್ಯವನ್ನು ಮುರಿಯಲಿಲ್ಲವೆಂಬುದನ್ನು ಎತ್ತಿತೋರಿಸಿದ. ಹೀಗೆ ಎರಡೂ ಪಕ್ಷಗಳು ಒಬ್ಬನನ್ನೇ ತಮ್ಮ ಗುರುವೆಂದು ಕರೆದವು. ರೋಮನ್ ಕ್ಯಾಥೊಲಿಕ್ ಪಂಚಾಂಗದಲ್ಲಿ ಸೆಪ್ಟೆಂಬರ್ 16ರಂದು ಕಾರ್ನೇಲಿಯಸ್ ಮತ್ತು ಸಿಪ್ರಿಯನ್ ಇಬ್ಬರನ್ನೂ ಒಟ್ಟಿಗೆ ಸ್ಮರಿಸಲಾಗುತ್ತದೆ.